ಸಿಂಕಿನ ಕೊಳವೆಯಿಂದ ಹತ್ತಿ ಬಂದದ್ದು

"ಕೆಳಗ ಬರ್ರಿ ಸಿಸ್ಟರ್. ಫೋನಿನಾಗ ಹೇಳೂದಲ್ಲ ಇದು."

ನಮ್ಮ ಲ್ಯಾಬ್ ಡಾಕ್ಟರ್ ಹೆಚ್ಚು ಮಾತಿನವರಲ್ಲ. ಧಾರವಾಡದ ಕಡೆಯವರು, ಹಣೆಯ ಮೇಲೆ ತೆಳುವಾದ ವಿಭೂತಿ, ಮೂಗಿನ ತುದಿಗೆ ಜಾರಿದ ಕನ್ನಡಕ. ಇಪ್ಪತ್ತು ವರ್ಷದಿಂದ ರೋಗಾಣುಗಳನ್ನೇ ನೋಡಿದವರು. ಅವರ ದನಿ ಸ್ವಲ್ಪ ಬದಲಾದರೂ ನನಗೆ ತಿಳಿಯುತ್ತದೆ. ನಾನು ಆಸ್ಪತ್ರೆಯ ಸೋಂಕು ನಿಯಂತ್ರಣದ ನರ್ಸ್. ಒಬ್ಬ ರೋಗಿಯ ಕಾಯಿಲೆ ಇನ್ನೊಬ್ಬ ರೋಗಿಗೆ ದಾಟದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಚಹಾ ಲೋಟ ಅಲ್ಲೇ ಬಿಟ್ಟು ನೆಲಮಾಳಿಗೆಗೆ ಇಳಿದೆ.

ಅವರು ತೋರಿಸಿದ್ದು ಅಂಗೈಯಗಲದ ಒಂದು ಪ್ಲಾಸ್ಟಿಕ್ ತಟ್ಟೆ. ರೋಗಿಯ ರಕ್ತದಲ್ಲಿ ಸಿಕ್ಕ ಬ್ಯಾಕ್ಟೀರಿಯಾವನ್ನು ಅದರ ಮೇಲೆ ತೆಳುವಾಗಿ ಹರಡಿ, ಬೇರೆ ಬೇರೆ ಆಂಟಿಬಯಾಟಿಕ್ ಹೀರಿಸಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಔಷಧಕ್ಕೆ ಶಕ್ತಿಯಿದ್ದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಒಂದು ಬೋಳು ವೃತ್ತ ಉಳಿಯುತ್ತದೆ. ವೃತ್ತ ದೊಡ್ಡದಿದ್ದಷ್ಟೂ ಒಳ್ಳೆಯದು. ಆ ತಟ್ಟೆಯಲ್ಲಿ ಒಂದೂ ವೃತ್ತ ಇರಲಿಲ್ಲ. ಪ್ರತಿ ಬಿಲ್ಲೆಯ ಅಂಚಿನವರೆಗೂ, ಅಲ್ಲಿ ಔಷಧವೇ ಇಲ್ಲವೆಂಬಂತೆ, ಅದು ಒತ್ತಾಗಿ ಬೆಳೆದು ನಿಂತಿತ್ತು. ಬೇರೆಲ್ಲ ಸೋತಾಗ ನಾವು ಕೈಹಾಕುವ ಮೆರೊಪೆನೆಮ್ ಬಿಲ್ಲೆಯ ಸುತ್ತಲೂ ಅಷ್ಟೇ.

"ಕ್ಲೆಬ್ಸಿಯೆಲ್ಲಾ. ನಮ್ಮ ನಿಮ್ಮ ಹೊಟ್ಟಿಯೊಳಗ ಸುಮ್ನ ಇರೋ ಜಾತಿ. ಆದ್ರ ಇದು ಎಲ್ಲಾ ಕಲಿತು ಬಂದೈತಿ," ಎಂದರು. ಹೆದರಿಕೆಗಿಂತ ಬೆರಗೇ ಹೆಚ್ಚಾಗಿತ್ತು ಅವರ ಮುಖದಲ್ಲಿ.

ಆ ರಕ್ತ ಐಸಿಯುವಿನ ಏಳನೇ ಹಾಸಿಗೆಯದು. ನಿವೃತ್ತ ಶಾಲಾ ಶಿಕ್ಷಕಿ, ಎಪ್ಪತ್ತು ದಾಟಿದವರು. ನ್ಯುಮೋನಿಯಾ ಎಂದು ಬಂದವರು ಚೇತರಿಸಿಕೊಳ್ಳುತ್ತಿದ್ದರು. ಬಾಯಿಗೆ ಹಾಕಿದ್ದ ಕೊಳವೆ ತೆಗೆದ ಮೇಲೆ, ಜ್ವರದ ಚಾರ್ಟ್ ಬರೆಯುತ್ತಿದ್ದ ಹುಡುಗಿಗೆ ಅಕ್ಷರ ದುಂಡಗಿಲ್ಲವೆಂದು ಗದರಿದ್ದರು. ಮೂರು ದಿನ ಬಿಟ್ಟು ಮತ್ತೆ ಜ್ವರ ಏರಿತ್ತು. ಅದಾದ ಐದನೆಯ ದಿನ ಪಕ್ಕದ ಎಂಟನೇ ಹಾಸಿಗೆಯ ಲಾರಿ ಡ್ರೈವರ್‌ಗೂ ಜ್ವರ ಬಂತು. ಅವನ ತಟ್ಟೆಯಲ್ಲೂ ವೃತ್ತಗಳಿರಲಿಲ್ಲ.

ಇಬ್ಬರಾದರು ಎಂದರೆ ಅದು ದಾಟುತ್ತಿದೆ ಎಂದರ್ಥ. ಪುಸ್ತಕದಲ್ಲಿರುವುದನ್ನೆಲ್ಲ ಮಾಡಿದೆವು. ಇಬ್ಬರನ್ನೂ ಬೇರೆ ಕೋಣೆಗಳಿಗೆ ಸಾಗಿಸಿ, ಅವರಿಗೇ ಮೀಸಲಾದ ನರ್ಸ್‌ಗಳನ್ನು ಹಾಕಿದೆವು. ಹತ್ತು ಹಾಸಿಗೆಗಳ ನಕ್ಷೆ ಬರೆದು ಯಾರು ಯಾವಾಗ ಎಲ್ಲಿದ್ದರು, ಯಾರು ಮುಟ್ಟಿದರು, ಯಾವ ಯಂತ್ರ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಗೆರೆ ಎಳೆದೆ. ಮಂಚದ ಕಂಬಿ, ವೆಂಟಿಲೇಟರಿನ ಗುಂಡಿ, ಪರದೆ, ಟೆಲಿಫೋನು, ಸ್ಟೆತಸ್ಕೋಪು, ಒಂದೊಂದರಿಂದಲೂ ಹತ್ತಿಕಡ್ಡಿಯಲ್ಲಿ ಒರೆಸಿ ಮಾದರಿ ತೆಗೆದೆವು. ಡಾಕ್ಟರುಗಳೂ ಸೇರಿ ಎಲ್ಲರ ಬೆರಳುಗಳನ್ನು ತಟ್ಟೆಯ ಮೇಲೆ ಒತ್ತಿಸಿಕೊಂಡೆವು. ಮೊದಲು ಒತ್ತಿದವಳು ನಾನೇ. ಎಲ್ಲೂ ಅದು ಸಿಗಲಿಲ್ಲ.

ನಾನು ನನಗೆ ಗೊತ್ತಿದ್ದ ಒಂದೇ ಆಯುಧ ಹಿಡಿದೆ: ಕೈ ತೊಳೆಯಿರಿ. ರೋಗಿಯನ್ನು ಮುಟ್ಟುವ ಮೊದಲು, ಮುಟ್ಟಿದ ಮೇಲೆ, ಡ್ರಿಪ್ಪಿಗೆ ಕೈಹಾಕುವ ಮುನ್ನ. ಐಸಿಯು ಬಾಗಿಲಲ್ಲೇ ನಿಂತು ಎಣಿಸಿದೆ. ಹಾಗೆ ಒತ್ತಾಯಿಸಲು ನನಗೆ ಒಂದು ಅಧಿಕಾರವೂ ಇತ್ತು. ಮೊದಲು ಇಡೀ ಐಸಿಯುಗೆ ಮೂಲೆಯಲ್ಲೊಂದೇ ಸಿಂಕು ಇತ್ತು. ದೂರ ಹೋಗಬೇಕೆಂದು ಜನ ಕೈ ತೊಳೆಯುತ್ತಿರಲಿಲ್ಲ. ಮೂರು ವರ್ಷದ ಹಿಂದೆ ನಾನು ಪತ್ರದ ಮೇಲೆ ಪತ್ರ ಬರೆದು, ಆಡಳಿತದವರ ಹಿಂದೆ ಬಿದ್ದು, ಎರಡು ಹಾಸಿಗೆಗೆ ಒಂದರಂತೆ ಐದು ಸಿಂಕು ಹಾಕಿಸಿದ್ದೆ. ನನ್ನ ಕೆಲಸದಲ್ಲಿ ಕಣ್ಣಿಗೆ ಕಾಣುವಂಥದ್ದು ಏನಾದರೂ ಮಾಡಿದ್ದೇನೆ ಎಂದರೆ ಅದೊಂದೇ ಎಂದು ಹೆಮ್ಮೆಯಿತ್ತು.

ಶಿಕ್ಷಕಿ ಉಳಿಯಲಿಲ್ಲ. ಮೂತ್ರಪಿಂಡ ಕೆಡಿಸುತ್ತದೆಂದು ಬಹುಕಾಲ ಬದಿಗಿಟ್ಟಿದ್ದ ಹಳೆಯ ಔಷಧ ಕೊಲಿಸ್ಟಿನ್ ಅನ್ನೂ ಕೊಟ್ಟು ನೋಡಿದರು. ಅಷ್ಟರಲ್ಲಿ ತಡವಾಗಿತ್ತು. ಡ್ರೈವರ್ ಗಟ್ಟಿ ಜೀವ, ಬದುಕಿ ಮನೆಗೆ ಹೋದ. ಎರಡೂ ಹಾಸಿಗೆಗಳನ್ನು ಬಿಚ್ಚಿ ತೊಳೆಸಿದೆವು, ಪರದೆಗಳನ್ನು ಸುಡಲು ಕಳಿಸಿದೆವು. ಒಂದು ವಾರ ಕಳೆಯಿತು, ಎರಡು ವಾರ ಕಳೆಯಿತು. ಹೊಸ ಪ್ರಕರಣ ಇಲ್ಲ. ನಾನು ವರದಿಯ ಕೊನೆಗೆ "ಹತೋಟಿಗೆ ಬಂದಿದೆ" ಎಂದು ಬರೆದು ಸಹಿ ಹಾಕಿದೆ.

ನಮ್ಮದು ತುಮಕೂರು ರಸ್ತೆಗೆ ಅಂಟಿಕೊಂಡ ಆಸ್ಪತ್ರೆ. ನಾಗಸಂದ್ರದ ಮೆಟ್ರೋ ಐಸಿಯು ಕಿಟಕಿಯಿಂದ ಕಾಣುತ್ತದೆ. ಪೀಣ್ಯದ ಶೆಡ್ಡುಗಳಲ್ಲಿ ಯಂತ್ರಕ್ಕೆ ಸಿಕ್ಕ ಕೈ ಬೆರಳುಗಳೆಲ್ಲ ನಮ್ಮಲ್ಲಿಗೇ ಬರುವುದು. ಸಹಿ ಹಾಕಿದ ಮರುದಿನ ಬಂದವನು ತಗಡು ಒತ್ತುವ ಪವರ್ ಪ್ರೆಸ್ ನಡೆಸುವ ಆಪರೇಟರ್. ಮೂವತ್ತೆರಡು ವಯಸ್ಸು. ಬಲಗೈ ಮಣಿಕಟ್ಟಿನವರೆಗೆ ಜಜ್ಜಿಹೋಗಿತ್ತು. ಆಪರೇಷನ್ ಮುಗಿಸಿ ಐಸಿಯುಗೆ ತಂದರು. ಏಳನೇ ಹಾಸಿಗೆ ಖಾಲಿಯಿತ್ತು, ಅಲ್ಲಿ ಮಲಗಿಸಿದರು.

ಆರನೆಯ ದಿನ ಗಾಯ ಕೀವಾಯಿತು. ಎಂಟನೆಯ ದಿನ ರಕ್ತಕ್ಕೂ ಇಳಿಯಿತು. ಲ್ಯಾಬ್ ಡಾಕ್ಟರ್ ಫೋನ್ ಮಾಡಿದರು. "ಬರ್ರಿ" ಅಂದರು, ಅಷ್ಟೇ. ಮತ್ತದೇ ತಟ್ಟೆ.

ಶಿಕ್ಷಕಿಯನ್ನಾಗಲಿ ಡ್ರೈವರನ್ನಾಗಲಿ ಈ ಹುಡುಗ ನೋಡಿಯೂ ಇರಲಿಲ್ಲ. ಅವರಿದ್ದ ಕಾಲ ಬೇರೆ, ಇವನು ಬಂದ ಕಾಲ ಬೇರೆ. ಮನುಷ್ಯರಿಂದ ಮನುಷ್ಯರಿಗೆ ದಾಟಿದ್ದರೆ ನಡುವಿನ ದಿನಗಳಲ್ಲಿ ಅದು ಎಲ್ಲಿತ್ತು? ನಕ್ಷೆ ತೆಗೆದು ಎಲ್ಲ ಗೆರೆಗಳನ್ನೂ ಮತ್ತೆ ನೋಡಿದೆ. ಮೂವರಿಗೂ ಸಮಾನವಾಗಿದ್ದದ್ದು ಒಂದೇ, ಜಾಗ. ಆ ಜಾಗದಲ್ಲಿ ನಾವು ಒರೆಸದೆ ಬಿಟ್ಟದ್ದು ಏನಿದೆ ಎಂದು ಏಳನೇ ಹಾಸಿಗೆಯ ಬಳಿ ನಿಂತು ಸುತ್ತ ನೋಡುತ್ತಿದ್ದೆ. ಆಪರೇಟರನ್ನು ಆಗಲೇ ಮೂಲೆಯ ಕೋಣೆಗೆ ಸಾಗಿಸಿದ್ದರು.

ಆಗ ಮಾತಾಡಿದವರು ಹೌಸ್‌ಕೀಪಿಂಗ್ ಅಕ್ಕ. ಐವತ್ತರ ಆಸುಪಾಸು. ಪೀಣ್ಯದ ಎರಡನೇ ಹಂತ ಈಗಿರುವ ಕಡೆ ಅವರ ತಾತನ ರಾಗಿ ಹೊಲ ಇತ್ತಂತೆ. ಆಸ್ಪತ್ರೆ ಶುರುವಾದಂದಿನಿಂದ ಐಸಿಯು ನೆಲ ಒರೆಸುತ್ತಿರುವವರು. ನಾನು ಅವರಿಗೆ ವರ್ಷಕ್ಕೆ ಎರಡು ಸಲ ತರಬೇತಿ ಕೊಡುತ್ತಿದ್ದೆ. ಅವರನ್ನು ಏನನ್ನಾದರೂ ಕೇಳಿದ್ದು ನೆನಪಿಲ್ಲ.

"ಸಿಸ್ಟ್ರೇ, ಒಂದ್ ಮಾತ್ ಯೋಳ್ಲಾ? ಬೈಯಬಾರ್ದು."

"ಹೇಳಿ ಅಕ್ಕ."

"ಈ ಸಿಂಕ್ ಪಕ್ಕದ್ ಕಲ್ಲು ನಾನ್ ಎಷ್ಟ್ ಒರ್ಸಿದ್ರೂ ಒಣಗಿ ನಿಲ್ಲಾಕಿಲ್ಲ. ಒರ್ಸಿ ಅತ್ಲಾಗೆ ತಿರುಗೋದ್ರಾಗೆ ಮತ್ತೆ ಅನಿ ಅನಿ ಬಿದ್ದಿರ್ತದೆ. ನಲ್ಲಿ ಬಿಟ್ರೆ ನೀರು ನೇರ ಆ ತೂತಿಗೇ ಒಡೀತದೆ, ಅಂಗೇ ಮೇಲಕ್ ಆರ್ತದೆ. ಅದೇ ಕಲ್ಲಿನ್ ಮೇಲೆ ಇವ್ರು ಇಂಜೆಕ್ಷನ್ ಟ್ರೇ ಮಡಗ್ತಾರೆ."

ಏಳು, ಎಂಟನೇ ಹಾಸಿಗೆಗಳ ನಡುವಿನ ಆ ಸಿಂಕಿನ ನಲ್ಲಿಯನ್ನು ನಾನು ತಿರುಗಿಸಿದೆ. ಧಾರೆ ನೇರವಾಗಿ ಸಿಂಕಿನ ತಳದ ಜಾಲರಿಗೆ ಬಡಿಯಿತು. ಪಕ್ಕದ ಕಲ್ಲಿನ ಮೇಲೆ ಸಾಸಿವೆಯಷ್ಟು ಸಣ್ಣ ಹನಿಗಳು ಕೂತವು. ಮೂರು ವರ್ಷ ಅದೇ ನಲ್ಲಿಯಲ್ಲಿ ಕೈ ತೊಳೆದಿದ್ದೆ.

"ಇನ್ನೊಂದು," ಎಂದರು ಅಕ್ಕ, ದನಿ ತಗ್ಗಿಸಿ. "ಪೇಶೆಂಟ್‌ಗೆ ಮೂಗಿನ್ ಪೈಪಲ್ಲಿ ಉಯ್ತಾರಲ್ಲ ಗಂಜಿ, ಅದು ಮಿಕ್ರೆ ಇಲ್ಲೇ ಸುರೀತಾರೆ. ಗ್ಲೂಕೋಸ್ ನೀರೂವೆ. ಒಳಗಡೆ ಲೋಳೆ ಕಟ್ಟಿರ್ತದೆ, ವಾಸ್ನೆ ನಂಗ್ ಗೊತ್ತಾಯ್ತದೆ."

ಆ ಸಂಜೆಯೇ ಐದೂ ಸಿಂಕುಗಳ ಕೊಳವೆಯೊಳಗೆ ಉದ್ದನೆಯ ಹತ್ತಿಕಡ್ಡಿ ಇಳಿಸಿ ಮಾದರಿ ತೆಗೆದೆವು. ಎರಡು ದಿನ ಕಾಯಬೇಕಿತ್ತು. ಮೂರನೆಯ ಬೆಳಿಗ್ಗೆ ಲ್ಯಾಬಿನ ಮೇಜಿನ ಮೇಲೆ ಐದು ತಟ್ಟೆ ಸಾಲಾಗಿದ್ದವು. ಮೂರರಲ್ಲಿ ಗುಲಾಬಿ ಬಣ್ಣದ, ತೇವದಿಂದ ಮಿನುಗುವ ದಪ್ಪ ಗುಳ್ಳೆಗಳು. ಬಿಲ್ಲೆಗಳನ್ನಿಟ್ಟು ನೋಡಿದಾಗ ವೃತ್ತಗಳಿಲ್ಲ. ಮೂವರು ರೋಗಿಗಳ ರೋಗಾಣುವಿನ ಜೊತೆ ಹೋಲಿಸಲು ನಗರದ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದೆವು. ಎಲ್ಲವೂ ಒಂದೇ ವಂಶದ್ದು ಎಂದು ಅಲ್ಲಿಂದ ಆಮೇಲೆ ಉತ್ತರ ಬಂತು.

ಲ್ಯಾಬ್ ಡಾಕ್ಟರ್ ಇನ್ನೊಂದು ತಟ್ಟೆ ಸರಿಸಿದರು. ಅದರಲ್ಲಿದ್ದದ್ದು ಬೇರೆಯೇ ಜಾತಿಯ ಬ್ಯಾಕ್ಟೀರಿಯಾ, ಅದೇ ಕೊಳವೆಯದು. ಅದರಲ್ಲೂ ವೃತ್ತಗಳಿರಲಿಲ್ಲ.

"ಇದಕ್ಕೆ ಯಾರು ಕಲಿಸಿದ್ರು?" ಎಂದೆ.

"ಆ ಕ್ಲೆಬ್ಸಿಯೆಲ್ಲಾನ. ಔಷಧ ಸೋಲಿಸೋ ವಿದ್ಯಾ ಮೈಯೊಳಗ ಒಂದು ಸಣ್ಣ ಡಿಎನ್ಎ ಉಂಗುರದಾಗ ಬರೆದಿರ್ತೈತಿ. ಪಕ್ಕದಾಗಿರೋದಕ್ಕ ಕೊಟ್ಟುಬಿಡ್ತೈತಿ. ತನ್ನ ಜಾತೀದ ಆಗಬೇಕಂತಿಲ್ಲ." ಕನ್ನಡಕ ತೆಗೆದು ಒರೆಸಿದರು. "ನಾವು ಒಂದು ಹೊಸ ಔಷಧ ಕಂಡುಹಿಡೀಬೇಕಂದ್ರ ಎಷ್ಟು ಮಂದಿ, ಎಷ್ಟು ವರ್ಷ! ಇವು ಮೋರಿಯೊಳಗ ಕುಂತು, ಮೈಗೆ ಮೈ ತಾಗಿಸಿ, ಉತ್ತರ ಹಂಚಿಕೊಳ್ತಾವು ನೋಡ್ರಿ."

ನಾನು ಆ ಎರಡು ತಟ್ಟೆಗಳನ್ನು ಬಹಳ ಹೊತ್ತು ನೋಡಿದೆ. ರೋಗಾಣುವೆಂದರೆ ಕೊಲ್ಲಬೇಕಾದ ಶತ್ರು ಎಂದೇ ತರಬೇತಿಯಲ್ಲಿ ಹೇಳಿಕೊಡುತ್ತಿದ್ದೆ. ಅದರ ಮುಂದೆ ತಲೆ ತಗ್ಗಬೇಕು ಎನ್ನಿಸಿದ್ದು ಅದೇ ಮೊದಲು.

ಕಾರಣ ಸಿಕ್ಕಿತು, ಇನ್ನೇನು ಮುಗಿಯಿತು ಅಂದುಕೊಂಡೆವು. ಮೇಂಟೆನೆನ್ಸ್ ಸೂಪರ್‌ವೈಸರ್ ಸಿಂಕಿನ ಕೆಳಗೆ ನೀರು ನಿಲ್ಲುವ ಬಾಗಿದ ಕೊಳವೆಗಳನ್ನೆಲ್ಲ ಬಿಚ್ಚಿಸಿ ಹೊಸದು ಹಾಕಿಸಿದರು. ಬ್ಲೀಚು ಸುರಿದೆವು. ಏನನ್ನೂ ಚೆಲ್ಲಬಾರದೆಂದು ಪ್ರತಿ ಸಿಂಕಿಗೂ ಚೀಟಿ ಅಂಟಿಸಿದೆ. ಮರುದಿನದ ತಟ್ಟೆಗಳು ಖಾಲಿ.

ಲ್ಯಾಬ್ ಡಾಕ್ಟರ್‌ಗೆ ಮಾತ್ರ ನಂಬಿಕೆ ಬರಲಿಲ್ಲ. ಕಡ್ಡಿಯ ಮೇಲೆ ಪೆನ್ನಿನಿಂದ ಮೂರು ಗುರುತು ಹಾಕಿದರು. ಕೊಳವೆಯ ಬಾಗು, ಅದಕ್ಕಿಂತ ಅರ್ಧ ಗೇಣು ಮೇಲೆ, ಕೊನೆಗೆ ಒಂದು ಗೇಣು ಮೇಲಿರುವ ಜಾಲರಿ. ದಿನಾ ಬೆಳಿಗ್ಗೆ ಏಳನೇ ಹಾಸಿಗೆಯ ಸಿಂಕಿನಿಂದ ಮೂರು ಮಾದರಿ, ಮೂರೂ ಒಂದೇ ತಟ್ಟೆಯ ಮೇಲೆ. ಎರಡನೆಯ ದಿನ ಬಾಗಿನಲ್ಲಿ ಸಿಕ್ಕಿತು. ಗೋಡೆಯ ಹಿಂದೆ ಐದೂ ಸಿಂಕಿನ ಕೊಳವೆ ಸೇರುವ ಅಡ್ಡಪೈಪಿನಿಂದ ಬಂದಿರಬೇಕು. ನಾಲ್ಕನೆಯ ದಿನ ನಡುವಿನ ಗುರುತಿನಲ್ಲಿ. ಏಳನೆಯ ದಿನ ಜಾಲರಿಯಲ್ಲಿ.

ಬ್ಲೀಚು ಹಾಕಿದ, ಹೊಚ್ಚಹೊಸ ಕೊಳವೆಯ ನುಣುಪಾದ ಗೋಡೆಯ ಮೇಲೆ, ಇಳಿಯುವ ನೀರಿಗೆ ಎದುರಾಗಿ ಒಂದು ವಾರದಲ್ಲಿ ಒಂದು ಗೇಣು. ನಾನು ಏಳು ತಟ್ಟೆಗಳನ್ನು ಸಾಲಾಗಿಟ್ಟು ನೋಡಿದಾಗ ಮೈ ಜುಮ್ಮೆಂದಿತು. ಅದೇ ವಾರ ಮೂರನೇ ಹಾಸಿಗೆಯ ಒಬ್ಬ ಹೆಣ್ಣುಮಗಳ ಪರೀಕ್ಷೆಯಲ್ಲೂ ಅದು ಸಿಕ್ಕಿತು. ಆಕೆಗೆ ಕಾಯಿಲೆ ಬಂದಿರಲಿಲ್ಲ, ಆದರೆ ಮೈಯೊಳಗೆ ಹೊಕ್ಕಿತ್ತು.

ಇಷ್ಟಾದರೂ ಐಸಿಯು ಮುಖ್ಯಸ್ಥರಿಗೆ ಒಪ್ಪಿಗೆಯಾಗಲಿಲ್ಲ. ಒಳ್ಳೆಯ ವೈದ್ಯರು, ಆದರೆ ಕಂಡದ್ದನ್ನೇ ನಂಬುವವರು. "ಕೊಳವೆಯಲ್ಲಿ ಇದೆ, ಸರಿ. ಕೊಳವೆಯಿಂದ ಪೇಶೆಂಟ್ ಹತ್ರ ಹೋಗತ್ತೆ ಅನ್ನೋದಕ್ಕೆ ಏನಿದೆ ಸಿಸ್ಟರ್? ಹನಿ ಕಲ್ಲಿನ ಮೇಲೆ ಬೀಳತ್ತೆ, ಒರೆಸಿದ್ರಾಯ್ತು."

ದಾರಿ ತೋರಿಸಿದವರು ಮೇಂಟೆನೆನ್ಸ್ ಸೂಪರ್‌ವೈಸರ್. "ನಮ್ ಫ್ರೆಂಡ್ ಒಬ್ನು ಪೀಣ್ಯದಲ್ಲಿ ಕಾಸ್ಟಿಂಗ್ ಚೆಕ್ ಮಾಡೋ ಶಾಪ್ ಇಟ್ಕೊಂಡವ್ನೆ. ಕಬ್ಬಿಣದಲ್ಲಿ ಕಣ್ಣಿಗ್ ಕಾಣ್ದಿರೋ ಬಿರುಕು ಇರುತ್ತಲ್ಲ, ಅದನ್ನ ಹುಡ್ಕಕ್ಕೆ ಒಂದು ಬಣ್ಣ ಹಾಕ್ತಾರೆ ಸಿಸ್ಟರ್. ಕತ್ತಲೇಲಿ ನೇರಳೆ ಲೈಟ್ ಬಿಟ್ರೆ ಹಸಿರಾಗಿ ಉರಿಯುತ್ತೆ. ತರ್ಲಾ?"

ಮರುದಿನ ಮಧ್ಯಾಹ್ನ ಐಸಿಯು ಮುಖ್ಯಸ್ಥರನ್ನೂ ಕರೆದು, ಏಳು ಮತ್ತು ಎಂಟನೇ ಹಾಸಿಗೆಗಳ ಸುತ್ತ ಕಪ್ಪು ಪ್ಲಾಸ್ಟಿಕ್ ಹೊದಿಸಿ ಕತ್ತಲು ಮಾಡಿದೆವು. ಎರಡೂ ಖಾಲಿ ಇದ್ದವು. ಜಾಲರಿಗೂ ಕೊಳವೆಯ ಬಾಯಿಗೂ ಬಣ್ಣ ಬಳಿದು, ನಾನೇ ಸೋಪು ಹಾಕಿ ಆ ನಲ್ಲಿಯ ಕೆಳಗೆ ಕೈ ತೊಳೆದೆ. ನಂತರ ದೀಪ ಆರಿಸಿ, ಸೂಪರ್‌ವೈಸರ್ ನೇರಳೆ ಟಾರ್ಚು ಹಾಯಿಸಿದರು.

ಮೊದಲು ಕಲ್ಲು ಹೊಳೆಯಿತು, ಚುಕ್ಕಿ ಚುಕ್ಕಿಯಾಗಿ. ಅದು ಗೊತ್ತಿದ್ದದ್ದೇ. ಟಾರ್ಚು ಮುಂದೆ ಹೋಯಿತು. ಡ್ರಿಪ್ ಸ್ಟ್ಯಾಂಡಿನ ಕಂಬದ ಮೇಲೆ ಚುಕ್ಕಿ. ಮಂಚದ ಕಂಬಿಯ ಮೇಲೆ ಚುಕ್ಕಿ. ಬಿಳಿಯ ದಿಂಬಿನ ಅಂಚಿನಲ್ಲಿ, ರೋಗಿಯ ಕೆನ್ನೆ ಇರಬೇಕಾದ ಕಡೆ, ಮೂರು. ಆಮೇಲೆ ಅವರು ಬೆಳಕನ್ನು ನನ್ನ ಕಡೆ ತಿರುಗಿಸಿದರು. ನನ್ನ ಗುರುತಿನ ಚೀಟಿ, ತೋಳು, ಎದೆಯ ಜೇಬು, ಎಲ್ಲ ಕಡೆ ಹಸಿರು ನಕ್ಷತ್ರಗಳು. ಈಗಷ್ಟೇ ಸೋಪು ಹಾಕಿ ತೊಳೆದ ಕೈಗಳ ಹಿಂಬದಿಯಲ್ಲೂ.

ಭಯಂಕರವಾಗಿತ್ತು. ನೋಡಲು ಅಷ್ಟೇ ಸುಂದರವಾಗಿಯೂ ಇತ್ತು, ಸುಳ್ಳು ಹೇಳಲಾರೆ. ಐಸಿಯು ಮುಖ್ಯಸ್ಥರು ದಿಂಬಿನ ಮೇಲಿನ ಮೂರು ಚುಕ್ಕಿಗಳನ್ನು ಬಗ್ಗಿ ನೋಡಿದರು. "ಲೈಟ್ ಹಾಕಿ," ಎಂದರು, ದನಿ ಸಣ್ಣದಾಗಿತ್ತು.

ಆ ಸಂಜೆ ಸಭೆ. ಮೆಡಿಕಲ್ ಡೈರೆಕ್ಟರ್, ಐಸಿಯು ಮುಖ್ಯಸ್ಥರು, ಲ್ಯಾಬ್ ಡಾಕ್ಟರ್, ನಾನು. ನಲ್ಲಿ ಬದಲಿಸೋಣ, ಆಳದ ಸಿಂಕು ಹಾಕೋಣ, ದಿನಾ ಬ್ಲೀಚು ಹಾಕೋಣ ಎಂದೆಲ್ಲ ಸಲಹೆ ಬಂದವು. ಯಾವುದರಿಂದಲೂ ಗೋಡೆಯ ಹಿಂದಿನ ಅಡ್ಡಪೈಪಿನಲ್ಲಿದ್ದದ್ದು ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೇಳಬೇಕಾದ್ದು ಬಾಯಿಯವರೆಗೆ ಬಂದು ನಿಂತಿತ್ತು. ಹೇಳಿದರೆ ನನ್ನ ಕೈಯಾರೆ ಮಾಡಿದ್ದನ್ನು ನಾನೇ ಒಡೆಯಬೇಕು.

"ಐದೂ ಸಿಂಕು ತೆಗೆದುಹಾಕೋಣ ಸರ್," ಎಂದೆ. "ಪೈಪು ಕಿತ್ತು, ಗೋಡೆ ಮುಚ್ಚಿ. ಐಸಿಯು ಒಳಗೆ ನೀರೇ ಬೇಡ. ಕೈಗೆ ಸ್ಪಿರಿಟ್ ಜೆಲ್. ಮೈ ಒರೆಸೋಕೆ ಪ್ಯಾಕೆಟ್ಟಿನ ಒದ್ದೆ ಬಟ್ಟೆ. ಔಷಧ ಕಲಸೋದು ಬೇರೆ ಕೋಣೆಯಲ್ಲಿ. ರಕ್ತ, ಕೊಳೆ ಮೆತ್ತಿದ ಕೈ ತೊಳೆಯೋಕೆ ಬಾಗಿಲ ಹೊರಗೆ ಒಂದು ಸಿಂಕು."

"ನೀರಿಲ್ಲದ ಐಸಿಯುನಾ?" ಎಂದರು ಮುಖ್ಯಸ್ಥರು. "ಮೂರು ವರ್ಷದ ಹಿಂದೆ ಇದೇ ಕೋಣೇಲಿ ಕೂತು ಸಿಂಕ್ ಬೇಕೇ ಬೇಕು ಅಂತ ವಾದ ಮಾಡಿದ್ದು ನೀವೇ ಅಲ್ವಾ?"

"ಹೌದು ಸರ್. ನಾನೇ. ಕೈ ತೊಳೆಯೋದರ ಬಗ್ಗೆ ಯೋಚಿಸಿದ್ದೆ. ತೊಳೆದ ನೀರು ಎಲ್ಲಿಗೆ ಹೋಗತ್ತೆ, ಅಲ್ಲಿ ಏನು ಬದುಕತ್ತೆ ಅಂತ ಯೋಚಿಸಿರ್ಲಿಲ್ಲ. ತಪ್ಪು ನನ್ನದು. ಅದನ್ನ ವರದಿಯಲ್ಲೂ ಬರೆದಿದ್ದೀನಿ."

ಅವರು ನನ್ನನ್ನು ಹಂಗಿಸಲೆಂದು ಕೇಳಿದ್ದಲ್ಲ ಎಂದು ಈಗ ಅನ್ನಿಸುತ್ತದೆ. ಅವರೇ ಡೈರೆಕ್ಟರ್ ಕಡೆ ತಿರುಗಿ, "ಹೊಸ ಅಡ್ಮಿಷನ್ ನಿಲ್ಲಿಸೋಣ. ಇರೋರನ್ನ ಆಪರೇಷನ್ ಆದವರ ವಾರ್ಡಿಗೆ ಸಾಗಿಸಿ, ಗೋಡೆ ಒಡೆಸೋಣ," ಎಂದರು.

ಸಭೆಯಿಂದ ಹೊರಬಂದಾಗ ಬೆಂಚಿನ ಮೇಲೆ ಆಪರೇಟರನ ಹೆಂಡತಿ ಕೂತಿದ್ದಳು. ಅಂದ್ರಹಳ್ಳಿಯಲ್ಲಿ ಬಾಡಿಗೆ ಮನೆ, ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವ ಕೆಲಸ. ನನ್ನನ್ನು ನೋಡಿ ಎದ್ದು ನಿಂತಳು.

"ಮೇಡಂ, ಒಂದ್ ನಿಜ ಹೇಳ್ತೀರಾ? ಕೈ ಹೋಗಿದ್ದು ಫ್ಯಾಕ್ಟರೀಲಿ. ಅದು ನಂಗೊತ್ತು. ಈ ಜ್ವರ ಎಲ್ಲಿಂದ ಬಂತು?"

ಇಂಥ ಪ್ರಶ್ನೆಗೆ ಉತ್ತರಿಸುವ ಮೊದಲು ಮೇಲಿನವರನ್ನು ಕೇಳಬೇಕೆಂಬ ನಿಯಮವಿದೆ. ನಾನು ಕೇಳಲಿಲ್ಲ.

"ಇಲ್ಲಿಂದ," ಎಂದೆ. "ನಮ್ಮ ಸಿಂಕಿನ ಪೈಪಲ್ಲಿ ಒಂದು ರೋಗಾಣು ಸೇರ್ಕೊಂಡಿತ್ತು. ಅದು ಅವರ ಗಾಯಕ್ಕೆ ಹೋಯ್ತು. ನಮಗೆ ಗೊತ್ತಾಗೋಕೆ ತಡ ಆಯ್ತು."

ಅವಳು ಕೂಗಾಡುತ್ತಾಳೆ ಅಂದುಕೊಂಡೆ. ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ನನ್ನ ಮುಖವನ್ನೇ ನೋಡಿದಳು. "ಈಗ ಏನ್ ಮಾಡ್ತೀರಾ?"

"ಅವರಿಗೆ ಎರಡು ಔಷಧ ಒಟ್ಟಿಗೆ ಕೊಡ್ತಾ ಇದಾರೆ. ಗಾಯ ಮತ್ತೆ ತೆರೆದು ಸತ್ತ ಮಾಂಸ ತೆಗೀತಾರೆ. ಆ ಪೈಪು ಕೀಳೋಕೆ ಗೋಡೆ ಒಡೀತೀವಿ."

"ಒಡೀರಿ," ಎಂದಳು. ಮತ್ತೆ ಕೂತಳು.

ಭಾನುವಾರ ಬೆಳಿಗ್ಗೆ ಸಾಗಾಣಿಕೆ. ಆರು ರೋಗಿಗಳು, ಅವರಲ್ಲಿ ಮೂವರು ವೆಂಟಿಲೇಟರಿನ ಮೇಲೆ. ಸೋಂಕಿಲ್ಲದವರು ಮೊದಲು, ಆಪರೇಟರ್ ಕೊನೆಗೆ. ಒಬ್ಬ ರೋಗಿಯನ್ನು ಕಾರಿಡಾರಿನಲ್ಲಿ ಅರವತ್ತು ಹೆಜ್ಜೆ ಸಾಗಿಸಲು ಐದು ಜನ ಬೇಕು. ಒಬ್ಬರು ಕೈಯಿಂದ ಗಾಳಿ ಒತ್ತಬೇಕು, ಒಬ್ಬರು ಡ್ರಿಪ್ಪುಗಳನ್ನು ಹಿಡಿಯಬೇಕು, ಇಬ್ಬರು ಮಂಚ ತಳ್ಳಬೇಕು, ಒಬ್ಬರು ಮಾನಿಟರ್ ಬಿಟ್ಟು ಕಣ್ಣು ಕೀಳಬಾರದು. ಐಸಿಯು ಮುಖ್ಯಸ್ಥರೇ ಗಾಳಿಚೀಲ ಒತ್ತುತ್ತಾ ಹಿಮ್ಮುಖವಾಗಿ ನಡೆದರು. ಪ್ರತಿ ಮಂಚದ ಹಿಂದೆ ಹೌಸ್‌ಕೀಪಿಂಗ್ ಅಕ್ಕ ಚಕ್ರ ಹಾದ ನೆಲವನ್ನು ಒರೆಸುತ್ತಾ ಬಂದರು. ಆಪರೇಟರನನ್ನು ತಂದಾಗ ಅವನ ರಕ್ತದೊತ್ತಡ ಕುಸಿಯಿತು. ಕಾರಿಡಾರಿನ ನಡುವೆ ಎಲ್ಲರೂ ನಿಂತೆವು. ಒಂದು ಔಷಧದ ವೇಗ ಹೆಚ್ಚಿಸಿ, ಅಂಕಿ ಏರುವುದನ್ನು ಉಸಿರು ಹಿಡಿದು ನೋಡಿದೆವು. ಏರಿತು. ಮತ್ತೆ ತಳ್ಳಿದೆವು.

ಖಾಲಿ ಐಸಿಯುವಿನಲ್ಲಿ ಮೂರು ದಿನ ಗೋಡೆ ಒಡೆದರು. ಕತ್ತರಿಸಿದ ಅಡ್ಡಪೈಪಿನ ಒಂದು ತುಂಡನ್ನು ಲ್ಯಾಬ್ ಡಾಕ್ಟರ್ ಉದ್ದಕ್ಕೆ ಸೀಳಿಸಿದರು. ಒಳಗೆ ಬೂದು ಬಣ್ಣದ ಲೋಳೆಯ ಪದರ, ಹಾಲಿನ ಕೆನೆಯಷ್ಟು ದಪ್ಪ. ಚಿಮಟದಿಂದ ಎತ್ತಿದರೆ ಬಟ್ಟೆಯ ಹಾಗೆ ಎದ್ದಿತು. "ಇದು ಕೊಳಿ ಅಲ್ರಿ, ಊರು," ಎಂದರು. "ಮ್ಯಾಲಿನವು ಬ್ಲೀಚಿಗೆ ಸಾಯ್ತಾವ. ಕೆಳಗಿನವು ಅವುಗಳ ನೆರಳಿನಾಗ ಉಳೀತಾವ."

ಪ್ರೆಸ್ ಆಪರೇಟರನ ಜ್ವರ ಇಳಿಯಲು ಇನ್ನೂ ಆರು ದಿನ ಬೇಕಾಯಿತು. ಸರ್ಜನ್ ಎರಡು ಸಲ ಗಾಯ ತೆರೆದರು. ಮೂರು ಬೆರಳು ಹೋದವು. ಹೆಬ್ಬೆರಳು, ತೋರುಬೆರಳು ಉಳಿದವು. ಮೂತ್ರಪಿಂಡ ಒಂದು ವಾರ ಕೆಲಸ ನಿಲ್ಲಿಸುವ ಹಾಗೆ ಹೆದರಿಸಿ ಮತ್ತೆ ಸರಿಹೋಯಿತು. ರಕ್ತದ ತಟ್ಟೆ ಖಾಲಿ ಬಂದ ದಿನ ನಾನು ಲ್ಯಾಬ್ ಡಾಕ್ಟರನ್ನು ಕೇಳಿದೆ, ಔಷಧ ಗೆದ್ದಿತಾ ಎಂದು.

"ಅರ್ಧ ಗೆದ್ದೈತಿ. ಬಿಲ್ಲಿ ಇಟ್ಟ ತಟ್ಟಿ ಮ್ಯಾಲ ನೋಡಿದ್ರ ಈ ಔಷಧಕ್ಕ ಇದನ್ನ ಕೊಲ್ಲಾಕ ಆಗೂದಿಲ್ಲ. ಉಳಿದ ಅರ್ಧ ಅವನ ಮೈ ಮಾಡೈತಿ. ಹೆಂಗ ಅಂತ ಕೇಳಬ್ಯಾಡ್ರಿ, ನನಗೂ ಪೂರಾ ಗೊತ್ತಿಲ್ಲ."

ಅವನು ಹೊರಡುವ ದಿನ ಹೆಂಡತಿ ಅವನ ಚೀಲ ಹಿಡಿದಿದ್ದಳು. ಅವನು ಉಳಿದ ಎರಡು ಬೆರಳುಗಳಿಂದ ಪೆನ್ನು ಹಿಡಿದು ಡಿಸ್ಚಾರ್ಜ್ ಹಾಳೆಗೆ ಸಹಿ ಮಾಡಿದ. ನಿಧಾನವಾಗಿ, ಒಂದೊಂದೇ ಅಕ್ಷರ. "ಆಗ್ತದೆ ಬಿಡಿ," ಎಂದ, ನನಗೋ ತನಗೋ. ಅವಳು ಮಾತ್ರ ಲಿಫ್ಟಿನ ಬಾಗಿಲು ಮುಚ್ಚುವವರೆಗೂ ನನ್ನನ್ನೇ ನೋಡುತ್ತಿದ್ದಳು. ಆ ನೋಟಕ್ಕೆ ನಾನು ಅರ್ಥ ಹಚ್ಚಲು ಹೋಗಿಲ್ಲ.

ಸಿಂಕಿಲ್ಲದ ಐಸಿಯು ಮತ್ತೆ ತೆರೆದ ಮೇಲೆ ವಾರವಾರ ಎಲ್ಲ ರೋಗಿಗಳನ್ನೂ ಪರೀಕ್ಷಿಸಿದೆವು. ಎರಡು ತಿಂಗಳಾದರೂ ಆ ವಂಶ ಮತ್ತೆ ಸಿಗಲಿಲ್ಲ. ಈ ಸಲ ವರದಿಯ ಕೊನೆಗೆ "ಹತೋಟಿಗೆ ಬಂದಿದೆ" ಎಂದು ಬರೆಯುವ ಧೈರ್ಯ ನನಗೆ ಬರಲಿಲ್ಲ. "ಸದ್ಯ ಕಾಣುತ್ತಿಲ್ಲ" ಎಂದು ಬರೆದೆ.

ಆ ವರದಿ ಕೊಟ್ಟು ಬರುವಾಗ ಹೌಸ್‌ಕೀಪಿಂಗ್ ಅಕ್ಕ ಎದುರಾದರು. "ಸಿಸ್ಟ್ರೇ, ಅದ್ನ ಒಂದ್ಸಲ ನೋಡ್ಬೋದಾ? ಅದೇ, ಪೈಪಲ್ಲಿತ್ತಲ್ಲ, ಅದು." ಅದನ್ನು ಮೊದಲು ಹಿಡಿದುಕೊಟ್ಟವರಿಗೆ ಅದರ ಮುಖ ತೋರಿಸಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅವರನ್ನು ಲ್ಯಾಬಿಗೆ ಕರೆದುಕೊಂಡು ಹೋದೆ. ಲ್ಯಾಬ್ ಡಾಕ್ಟರ್ ಎದ್ದು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಬಣ್ಣ ಹಾಕಿದ ಗಾಜಿನ ಪಟ್ಟಿಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಸರಿಹೊಂದಿಸಿದರು. ಅಕ್ಕ ಒಂದು ಕಣ್ಣು ಮುಚ್ಚಿ ಬಗ್ಗಿದರು. ಮೊದಲು ಏನೂ ಕಾಣಲಿಲ್ಲ. ಡಾಕ್ಟರ್ ಗುಂಡಿ ತಿರುಗಿಸಿದರು.

"ಅಯ್ಯೋ," ಎಂದರು ಅಕ್ಕ. "ನುಚ್ಚಕ್ಕಿಗೆ ಕುಂಕುಮದ್ ನೀರ್ ಆಕಿ ಚೆಲ್ದಂಗದೆ."

"ಅದೇ ಅದು. ಗಾಬರಿ ಆಗಬ್ಯಾಡ್ರಿ, ಸತ್ತಾವ," ಎಂದರು ಡಾಕ್ಟರ್.

ಅಕ್ಕ ಕಣ್ಣು ತೆಗೆಯಲಿಲ್ಲ. "ಕಾಲಿಲ್ಲ. ರೆಕ್ಕೆ ಇಲ್ಲ. ಅಷ್ಟ್ ದೂರ ಎಂಗ್ ಅತ್ತಿ ಬಂತು?"

"ಅದು ಹತ್ತಲಿಲ್ಲವ್ವಾ. ಈ ಜಾತಿಗೆ ಓಡಾಡಾಕ ಬರೂದೇ ಇಲ್ಲ. ಒಂದು ಇದ್ದದ್ದು ಎರಡಾತು. ಎರಡು ಇದ್ದದ್ದು ನಾಕಾತು. ಹಿಂದಿನವು ಅಲ್ಲೇ ಉಳದ್ವು, ಮರಿಗಳು ಅವುಗಳ ಮ್ಯಾಲ ಕುಂತ್ವು."

ಅಕ್ಕ ಅದನ್ನು ಕೇಳಿಕೊಂಡು ನೋಡುತ್ತಲೇ ಇದ್ದರು.

"ಅಂಗಂದ್ರೆ ನಡ್ಕೊಂಡ್ ಬರ್ಲಿಲ್ಲ," ಎಂದರು ಕೊನೆಗೆ, ಮೆಲ್ಲಗೆ. "ಸಂಸಾರ ಮಾಡ್ತಾ ಮಾಡ್ತಾ ಬಂದ್ಬಿಟ್ಟದೆ."

ಅಕ್ಕ ತಲೆ ಎತ್ತಿದರು. ಮೇಜಿನ ಮೇಲಿದ್ದ ಸ್ಪಿರಿಟ್ ಹತ್ತಿ ತೆಗೆದು, ತಮ್ಮ ಕಣ್ಣು ತಾಗಿದ ಕಡೆ ಎರಡು ಸಲ ಒರೆಸಿ, ಆರುವವರೆಗೆ ಕಾದು, "ಈಗ ನೀವ್ ನೋಡಿ ಸಿಸ್ಟ್ರೇ," ಎಂದು ಕುರ್ಚಿ ಬಿಟ್ಟು ಎದ್ದರು.